ಬೋಜನ ಮನೆಮಾತು

ರಶ್ಮಿತಾ ತಂದೆ ಬೋಜನ ಕಾಲಿಗೆ ಬಿಸಿನೀರು ಹೊಯ್ಯುತ್ತಿದ್ದಳು. ಉಗುರಿನ ಸಂದಿಯಲ್ಲಿ ಕೂತಿದ್ದ ಕೆಂಪುಮಣ್ಣು ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಬಾಯಾರಿನ ಕೆಂಪುಕಲ್ಲು ಕಡಿಯುವ ಕೋರೆಗಳಲ್ಲಿ ಆಯುಷ್ಯವಿಡೀ ನಿಂತು ದುಡಿದ ಕಾಲು ಅದು. ಇನ್ನೊಂದು ತಂಬಿಗೆ ಮೊಗೆಯುವಷ್ಟರಲ್ಲಿ ಅವಳ ಗಂಡ ಅಶ್ವಿತ್ ರಸ್ತೆಯ ಕಡೆಯಿಂದ ಓಡಿಬಂದು ತೆಂಗಿನ ಮಡಲಿನ ತಟ್ಟಿಯ ಒಳಗೆ ಮುಖ ಹಾಕಿದ.

"ಜೀಪು ಬಂತು," ಎಂದ. "ಅವರೇ."

ತಂಬಿಗೆಯ ನೀರು ಅವಳ ಸೀರೆಯ ಮೇಲೆ ಚೆಲ್ಲಿತು.

"ಹೀಗೆ ಹೀಗೆ ಆಗಿದೆ, ಇವತ್ತು ಬರುವುದು ಬೇಡ ಅಂತ ಹೇಳ್ಲಿಲ್ವಾ ನೀವು?"

"ಬೆಳಗ್ಗಿನಿಂದ ಫೋನ್ ಮಾಡ್ತಾ ಇದ್ದೇನೆ. ರಿಂಗ್ ಆಗ್ತದೆ, ಯಾರೂ ತೆಗೀಲಿಲ್ಲ. ನಾನು ಎಂತ ಮಾಡ್ಲಿ?"

ಜಾತಿ ಸರ್ಟಿಫಿಕೇಟಿನ ತನಿಖೆಗೆ ಈ ದಿನ ಗೊತ್ತುಮಾಡಿ ತಿಂಗಳಾಗಿತ್ತು. ಬೋಜನ ಮನೆಯವರು ತಾವು ಹೇಳಿಕೊಂಡ ಸಮುದಾಯದವರು ಹೌದೋ ಅಲ್ಲವೋ ಎಂದು ನೋಡಲು ಅಧಿಕಾರಿ ಮನೆಗೇ ಬರುವವರಿದ್ದರು. ಬೋಜನನ್ನು ಎದುರು ಕೂರಿಸಿ ಅವನ ಮನೆಮಾತು ಕೇಳುವವರಿದ್ದರು. ರಶ್ಮಿತಾಗೆ ಕೃಷಿಭವನದಲ್ಲಿ ಗುಮಾಸ್ತೆಯ ಕೆಲಸ ಸಿಕ್ಕಿದ್ದು ಆ ಸಮುದಾಯದ ಮೀಸಲಾತಿಯಲ್ಲಿ. ಸರ್ಟಿಫಿಕೇಟು ರದ್ದಾದರೆ ಕೆಲಸ ಹೋಗುತ್ತದೆ. ಸುಳ್ಳು ಹೇಳಿ ಕೆಲಸ ಹಿಡಿದಳೆಂಬ ಕೇಸೂ ಬೀಳುತ್ತದೆ. ಬಾಯಿಬಿಟ್ಟು ಹೇಳಬೇಕಾಗಿದ್ದ ಬೋಜ ನಿನ್ನೆ ಸಂಜೆ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದ.

ಹೆಣದ ಎದೆ ಒರೆಸುತ್ತಿದ್ದ ತುಂಗಾ ತಲೆಯೆತ್ತಲಿಲ್ಲ. ಅವಳು ಬೋಜನ ಅಕ್ಕ, ರಶ್ಮಿತಾಗೆ ಮಾಮಿ. ಅಡೂರಿನಿಂದ ಬೆಳಗಿನ ಮೊದಲ ಬಸ್ಸು ಹಿಡಿದು ಬಂದವಳು. ಗುಡ್ಡ ಹತ್ತುವಾಗಲೇ ಹೇಳಿಕೊಂಡು ಅಳಲು ಶುರುಮಾಡಿದ್ದಳು. ಮನೆಮಾತಿನ ಆ ಅಳುವಿನಲ್ಲಿ ರಶ್ಮಿತಾಗೆ ಅಲ್ಲೊಂದು ಇಲ್ಲೊಂದು ಶಬ್ದ ಬಿಟ್ಟರೆ ಏನೂ ತಿಳಿದಿರಲಿಲ್ಲ. ಈಗ ಅದೇ ಮಾತು ಅವಳಿಗೆ ಮುಳುಗುವವಳ ಕೈಗೆ ಸಿಕ್ಕ ಹಗ್ಗದಂತೆ ಕಂಡಿತು. ಒದ್ದೆ ಕೈಯಲ್ಲೇ ತುಂಗಾಳ ಮೊಣಕೈ ಹಿಡಿದಳು.

"ಮಾಮೀ, ಅವರು ಕೂತುಕೊಂಡ ಮೇಲೆ ನೀವು ಅಳ್ಬೇಕು. ಬೆಳಗ್ಗೆ ಅತ್ರಲ್ಲ, ಹಾಗೆ. ನಮ್ಮ ಮಾತಲ್ಲೇ. ಸ್ವಲ್ಪ ಜೋರು, ಅವರಿಗೆ ಕೇಳುವ ಹಾಗೆ."

ತುಂಗಾ ಒರೆಸುವುದನ್ನು ನಿಲ್ಲಿಸಿ ತಮ್ಮನ ಮಗಳ ಮುಖ ನೋಡಿದಳು.

"ನಾನು ಅಳುವುದು ನನ್ನ ತಮ್ಮನಿಗೆ ಮಗಾ," ಎಂದಳು.

"ಗೊತ್ತುಂಟು ಮಾಮಿ. ಆದರೂ."

*

ಅಧಿಕಾರಿಯ ಹೆಸರು ವೆಂಕಟಕೃಷ್ಣ. ಬೆವರಿಗೆ ಮಸುಕಾದ ಕನ್ನಡಕ, ಹೆಗಲಲ್ಲಿ ಚರ್ಮದ ಚೀಲ. ಅಂಗಳಕ್ಕೆ ಕಾಲಿಟ್ಟವರು ಜಗಲಿಯಲ್ಲಿ ಬಿಳಿ ಬಟ್ಟೆ ಹೊದಿಸಿ ಮಲಗಿಸಿದ್ದ ಹೆಣ ಕಂಡು ಹಾಗೇ ನಿಂತುಬಿಟ್ಟರು. ಚಪ್ಪಲಿ ಬಿಚ್ಚಿ ಕೈಮುಗಿದರು.

"ನಮಗೆ ಗೊತ್ತಾಗಲಿಲ್ಲ," ಎಂದರು. "ನಾನು ಇನ್ನೊಂದು ದಿನ ಬರ್ತೇನೆ."

ಅವರು ಆಗಲೇ ತಿರುಗಿದ್ದರು. ಆದರೆ ಲೋಕಯ್ಯ ಅಡ್ಡ ಬಂದ. ಸಮುದಾಯದ ಹಿರಿಯ ಅವನು. ಅವನ ಮಗನಿಗೂ ಅದೇ ಸರ್ಟಿಫಿಕೇಟಿನ ಮೇಲೆ ಕೆಲಸ ಸಿಗುವುದಿತ್ತು. ಈ ಮನೆ ಬಿದ್ದರೆ ಮುಂದಿನದು ತನ್ನದೇ ಎಂದು ಅವನಿಗೆ ಗೊತ್ತಿತ್ತು.

"ಹೋಗ್ಬೇಡಿ ಸಾರ್. ನಾವು ತಪ್ಪಿಸಿಕೊಂಡದ್ದು ಅಂತ ಆಗ್ಬಾರ್ದು. ನಮ್ಮ ಕ್ರಮ ನೀವು ಕಣ್ಣಾರೆ ನೋಡಿ. ಇದಕ್ಕಿಂತ ದೊಡ್ಡ ಸಾಕ್ಷಿ ಎಂತ ಉಂಟು?"

ಅಧಿಕಾರಿಗೆ ಮುಜುಗರವಾಯಿತು. ಆದರೂ ಯಾರೋ ಹಲಸಿನ ಮರದ ಬುಡದಲ್ಲಿ ತಂದಿಟ್ಟ ಕುರ್ಚಿಯಲ್ಲಿ ಕೂತರು. ಚೀಲ ತೊಡೆಯ ಮೇಲಿತ್ತು.

ಅಲ್ಲಿಂದಾಚೆಗೆ ಅಂಗಳದ ಮಾತೇ ನಿಂತಿತು. ಅಷ್ಟು ಹೊತ್ತು ತುಳುವಿನಲ್ಲಿ ಗುಂಡಿ ಎಷ್ಟು ಆಳವಾಯಿತು, ಮಡಕೆ ತಂದವರು ಯಾರು ಎಂದು ವಿಚಾರಿಸಿಕೊಳ್ಳುತ್ತಿದ್ದ ಗಂಡಸರು ಕೈಸನ್ನೆಗೆ ಇಳಿದರು. ಬಾಯಿ ತೆರೆದರೆ ಯಾವ ಮಾತು ಬಂದೀತೋ, ಅದು ಯಾವ ಪುಟದಲ್ಲಿ ಏನೆಂದು ಬರೆಯಲ್ಪಟ್ಟೀತೋ ಎಂದು ಎಲ್ಲರಿಗೂ ಹೆದರಿಕೆ. ಹೆಂಗಸರು ಮಕ್ಕಳನ್ನು ಹಿತ್ತಲಿಗೆ ಕಳಿಸಿದರು.

ರಶ್ಮಿತಾ ತಂದೆಯ ಕಾಲಿನ ಬಳಿ ಕೂತಳು. ನಿನ್ನೆಯಿಂದ ತಡೆದಿಟ್ಟ ಅಳು ಆಗ ಎದ್ದು ಬಂತು. ಬಂದದ್ದು 'ಪಪ್ಪಾ' ಎಂಬ ಕೂಗಾಗಿ. ಶಾಲೆಗೆ ಸೇರಿದ ವರ್ಷ ಉಳಿದ ಮಕ್ಕಳನ್ನು ನೋಡಿ ಕಲಿತ ಶಬ್ದ ಅದು. ಅಂದಿನಿಂದ ಅವಳು ಅವನನ್ನು ಬೇರೆ ಹೆಸರಿನಿಂದ ಕರೆದವಳಲ್ಲ. ಮನೆಮಾತಿನಲ್ಲಿ ತಂದೆಗೆ ಬೇರೆ ಶಬ್ದವಿತ್ತು. ಅದು ಅವಳಿಗೆ ಗೊತ್ತಿತ್ತು, ಆದರೆ ಅಳುವಾಗ ಬಾಯಿಗೆ ಬರುವಷ್ಟು ಗೊತ್ತಿರಲಿಲ್ಲ. ಆ ಕೂಗು ಅಧಿಕಾರಿಗೆ ಕೇಳಬಾರದೆಂದು ಅವಳು ಸೆರಗು ಮುದ್ದೆ ಮಾಡಿ ಬಾಯಿಗೆ ತುರುಕಿಕೊಂಡಳು. ನೋಡಿದವರು ದುಃಖವೆಂದುಕೊಂಡರು.

ತುಂಗಾ ತಮ್ಮನ ತಲೆಯ ಕಡೆ ಕೂತು ಬಾಯಿ ತೆರೆದಳು. ಅಧಿಕಾರಿ ಅದೇ ಹೊತ್ತಿಗೆ ಜೇಬಿನಿಂದ ಪೆನ್ನು ತೆಗೆದರು. ತುಂಗಾಳ ಕಣ್ಣು ಅದರ ಮೇಲೆ ಹೋಯಿತು. ಉಸಿರು ಬಂತು, ಸ್ವರ ಬರಲಿಲ್ಲ. ಮತ್ತೊಮ್ಮೆ ಪ್ರಯತ್ನಿಸಿದಳು. ಆಮೇಲೆ ಬಾಯಿ ಮುಚ್ಚಿ, ಹೆಣದ ಹಣೆಯನ್ನು ಸವರುತ್ತ ಕೂತುಬಿಟ್ಟಳು.

*

ಐದು ವರ್ಷದ ಹಿಂದೆ, ೨೦೧೨ರಲ್ಲಿ, ಇದೇ ಜಗಲಿಯಲ್ಲಿ ವಿಜೇತ್ ಎಂಬ ಸಂಶೋಧನಾ ವಿದ್ಯಾರ್ಥಿ ಕೂತಿದ್ದ. ಅಡೂರಿನ ಕಡೆ ಆರು ಮನೆಗಳಲ್ಲಿ ಮಾತು ಕೇಳಿ, ರೆಕಾರ್ಡು ಮಾಡಿ, ತುಂಗಾಳಿಂದ ತಮ್ಮನ ಮನೆಯ ಗುರುತು ಕೇಳಿಕೊಂಡು ಬಾಯಾರಿಗೆ ಬಂದಿದ್ದ. ಕೋರೆಯಿಂದ ಬಂದ ಬೋಜ ಮಿಂದು, ಒಗೆದ ಅಂಗಿ ಹಾಕಿಕೊಂಡು, ಪರೀಕ್ಷೆಗೆ ಕೂತವನಂತೆ ಕೈಕಟ್ಟಿ ಕೂತ.

"ಸುಲಭದ ಶಬ್ದಗಳೇ ಬೋಜಣ್ಣ," ಎಂದ ವಿಜೇತ್. "ಕೈ, ಕಾಲು, ನೀರು, ಬೆಂಕಿ, ಕಲ್ಲು, ಚಂದ್ರ. ಇಂಥ ಶಬ್ದ ಜನ ಬೇಗ ಬಿಡುವುದಿಲ್ಲ, ಬೇರೆಯವರಿಂದ ಸಾಲ ತರುವುದೂ ಕಡಿಮೆ. ನಿಮ್ಮ ಮಾತು ತುಳುವಿನ ಹಾಗೆ ದ್ರಾವಿಡ ಕುಟುಂಬದ್ದಾ, ಇಲ್ಲ ಉತ್ತರದಿಂದ ಬಂದ ಬೇರೆ ಕುಟುಂಬದ್ದಾ ಅಂತ ಯಾರಿಗೂ ಗೊತ್ತಿಲ್ಲ. ಅದನ್ನು ಹುಡುಕುವುದು ನನ್ನ ಕೆಲಸ."

"ಅದನ್ನು ಹುಡುಕುವುದು ಹೇಗೆ ಸಾರ್?"

"ಕಂಪ್ಯೂಟರ್ ಹುಡುಕ್ತದೆ. ಯಾವ ಮನೆಯ ಶಬ್ದ ಯಾವುದಕ್ಕೆ ಒಂದೇ ಬೇರಿಂದ ಬಂದದ್ದು ಅಂತ ನಾವು ಗುರುತು ಮಾಡಿ ಕೊಡುವುದು. ಅದು ಅಂದಾಜಿನ ಮೇಲೆ ಒಂದು ಮರ ಬಿಡಿಸ್ತದೆ, ಇಂಥ ಮಾತಿನಿಂದ ಇಂಥ ಮಾತು ಕವಲೊಡೆಯಿತು ಅಂತ. ಒಂದಲ್ಲ, ಸಾವಿರಗಟ್ಟಲೆ ಮರ. ಅದರಲ್ಲಿ ಯಾವ ಕೊಂಬೆ ಹೆಚ್ಚು ಸಲ ಅದೇ ಜಾಗದಲ್ಲಿ ಬರ್ತದೋ, ಅದನ್ನು ನಂಬುವುದು."

ಬೋಜ ಮೆಲ್ಲ ನಕ್ಕ. "ನಮ್ಮದು ಎಲ್ಲಿ ಬರ್ತದೆ ನೋಡುವ," ಎಂದ.

ರಶ್ಮಿತಾ ಚಾ ತಂದಿಟ್ಟು ಬಾಗಿಲಿಗೆ ಒರಗಿ ನಿಂತಿದ್ದಳು. ಆಗಿನ್ನೂ ಅವಳಿಗೆ ಕೆಲಸ ಸಿಕ್ಕಿರಲಿಲ್ಲ, ತಾಯಿ ತೀರಿಕೊಂಡಿದ್ದಳು, ಮನೆಯಲ್ಲಿ ಅಪ್ಪ ಮಗಳು ಇಬ್ಬರೇ. ವಿಜೇತ್ ಕನ್ನಡದಲ್ಲಿ ಒಂದೊಂದೇ ಶಬ್ದ ಕೇಳುತ್ತಿದ್ದ. ಬೋಜ ಪ್ರತಿಯೊಂದಕ್ಕೂ ಸ್ವಲ್ಪ ಹೊತ್ತು ತಡೆದು, ಗಂಟಲು ಸರಿಮಾಡಿಕೊಂಡು ಉತ್ತರ ಕೊಡುತ್ತಿದ್ದ. ಬೆಂಕಿಗೆ 'ತೂ' ಎಂದ. ಚಂದ್ರನಿಗೆ 'ತಿಂಗೊಳು' ಎಂದ. ಅವು ತುಳುವಿನ ಶಬ್ದಗಳೆಂದು ಅವಳಿಗೆ ಗೊತ್ತಾಯಿತು. ಮನೆಮಾತೂ ಹಾಗೇ ಇರಬಹುದು ಎಂದುಕೊಂಡು ಒಳಗೆ ಹೋದಳು. ಅವಳಿಗೆ ಅವನು ಮನೆಮಾತು ಕಲಿಸಿರಲಿಲ್ಲ. 'ಅದು ಎಂತಕ್ಕೆ ನಿನಗೆ? ಶಾಲೆಯ ಮಾತು ಕಲಿ ಸಾಕು' ಎನ್ನುತ್ತಿದ್ದ.

*

ಹೆಣ ಎತ್ತಲು ಇನ್ನೂ ಹೊತ್ತಿತ್ತು. ಕೋರೆಯಲ್ಲಿ ಜೊತೆಗೆ ದುಡಿದವರು ಒಬ್ಬೊಬ್ಬರೇ ಬಂದು ಕೈಮುಗಿದು ಬದಿಗೆ ಸರಿಯುತ್ತಿದ್ದರು. ಉಪ್ಪಳದಿಂದ ಸಾಲ್ವದೊರ್ ಬಂದ. ಕೋರೆಯ ಕಲ್ಲು ಸಾಗಿಸುವ ಲಾರಿ ಓಡಿಸುತ್ತಿದ್ದವನು, ಈಗ ಮುದುಕ. ಶಿಲುಬೆಯ ಗುರುತು ಮಾಡಿಕೊಂಡು, ಕೂರಲು ಜಾಗ ಹುಡುಕಿ, ಏನೂ ಗೊತ್ತಿಲ್ಲದೆ ಹಲಸಿನ ಬುಡದಲ್ಲಿ ಅಧಿಕಾರಿಯ ಪಕ್ಕದ ಕುರ್ಚಿಯಲ್ಲೇ ಕೂತ. ಅಶ್ವಿತ್ ದೂರದಿಂದ ಕಣ್ಣಲ್ಲೇ ಸನ್ನೆ ಮಾಡಿದ್ದು ಅವನಿಗೆ ಕಾಣಲಿಲ್ಲ.

"ನಿಮಗೆ ಇವರ ಪರಿಚಯ ತುಂಬ ಹಳೇದಾ?" ಎಂದು ವೆಂಕಟಕೃಷ್ಣ ಕೇಳಿದರು.

"ನನಗೆ ಮದುವೆ ಆಗುವ ಮೊದಲಿಂದ ಸಾರ್. ಬೋಜ ಕಡಿದ ಕಲ್ಲು ಬೇರೆಯೇ ಗೊತ್ತಾಗ್ತಿತ್ತು. ಮೂಲೆ ಒಡೆದದ್ದು ಒಂದಿಲ್ಲ."

"ಕೋರೆಯಲ್ಲಿ ಯಾವ ಭಾಷೆ ಮಾತಾಡ್ತಿದ್ರು?"

"ತುಳು. ಒಳ್ಳೆ ತುಳು ಸಾರ್. ನಮ್ಮ ಮಂಗಲ್ಪಾಡಿಯ ಹುಡುಗರಿಗಿಂತ ಒಳ್ಳೇದು."

ಜಗಲಿಯಲ್ಲಿ ಕೂತಿದ್ದ ರಶ್ಮಿತಾಗೆ ಅದು ಕೇಳಿತು. ಮುಗಿಯಿತು ಎಂದುಕೊಂಡಳು. ಎದ್ದು ಹೋಗಿ ಅವನ ಬಾಯಿ ಮುಚ್ಚಬೇಕೆನಿಸಿತು. ಲೋಕಯ್ಯ ಕೆಮ್ಮಿದ. ಸಾಲ್ವದೊರ್ ತನ್ನದೇ ನೆನಪಿನಲ್ಲಿದ್ದ.

"ಒಂದು ಸಲ ಮಾತ್ರ ಬೇರೆ ಮಾತಾಡಿದ," ಎಂದ. "ಲಾರಿಗೆ ಏರಿಸುವಾಗ ಕಲ್ಲು ಜಾರಿ ಅವನ ಕಾಲಿನ ಮೇಲೆ ಬಿತ್ತು. ಎಂತದೋ ಕೂಗಿದ. ಉದ್ದಕ್ಕೆ, ನಾಲ್ಕೈದು ಮಾತು. ತುಳು ಅಲ್ಲ, ಮಲಯಾಳ ಅಲ್ಲ, ನಮ್ಮ ಕೊಂಕಣಿ ಮೊದಲೇ ಅಲ್ಲ. ಕಾಲು ನೋಡುವುದು ಬಿಟ್ಟು ನಾವೆಲ್ಲ ನೆಗಾಡಿದೆವು ಸಾರ್. ಆಮೇಲೆ ಸುಮಾರು ದಿನ ಅವನು ಬರುವುದು ಕಂಡ ಕೂಡಲೇ ಹುಡುಗರು ಅದನ್ನೇ ಕೂಗುವುದು. ನಾನೂ ಕೂಗಿದ್ದೇನೆ. ಅದರ ನಂತರ ಎಷ್ಟು ಪೆಟ್ಟಾದರೂ ಬೋಜ ಬಾಯಿ ಬಿಡಲಿಲ್ಲ. ಹಲ್ಲು ಕಚ್ಚಿ ನಿಲ್ತಿದ್ದ."

ಅಧಿಕಾರಿ ಮುಂದಕ್ಕೆ ಬಾಗಿದರು. "ಕೂಗಿದ್ದು ಎಂತ? ಒಂದು ಶಬ್ದ ಆದರೂ ನೆನಪುಂಟಾ?"

ಅಂಗಳವಿಡೀ ಸಾಲ್ವದೊರನ ಕಡೆ ನೋಡಿತು. ಅವನು ಗಲ್ಲ ಕೆರೆದುಕೊಂಡ. ತುಟಿ ಒಂದೆರಡು ಬಾರಿ ಆಡಿಸಿದ. ಆಮೇಲೆ ಅವನ ಮುಖ ಇಳಿದುಹೋಯಿತು.

"ಇಲ್ಲ ಸಾರ್," ಎಂದ. "ಅಷ್ಟು ಸಲ ಅಣಕಿಸಿದ್ದು. ಒಂದೂ ನೆನಪಿಲ್ಲ."

ಅಧಿಕಾರಿ ಏನನ್ನೋ ಬರೆದರು. ಅದು ಪರವೋ ವಿರುದ್ಧವೋ ರಶ್ಮಿತಾಗೆ ತಿಳಿಯಲಿಲ್ಲ. ಅಪ್ಪ ಈ ಸಂಗತಿಯನ್ನು ಮನೆಯಲ್ಲಿ ಒಮ್ಮೆಯೂ ಹೇಳಿದವನಲ್ಲ. ಅವನ ಎಡಗಾಲಿನ ಎರಡು ಬೆರಳು ಸೊಟ್ಟಗಿದ್ದದ್ದು ಹುಟ್ಟಿನಿಂದಲೇ ಎಂದು ಅವಳು ನಂಬಿದ್ದಳು.

*

ತನಿಖೆಯ ನೋಟಿಸು ಬಂದದ್ದು ಹಿಂದಿನ ವರ್ಷ. ರ‍್ಯಾಂಕ್ ಪಟ್ಟಿಯಲ್ಲಿ ಅವಳಿಗಿಂತ ಕೆಳಗಿದ್ದ ಯಾರೋ ದೂರು ಕೊಟ್ಟಿದ್ದರು. ದೂರಿನ ಜೊತೆ ವಿಜೇತನ ಲೇಖನದ ಒಂದು ಪುಟವನ್ನು ಲಗತ್ತಿಸಿದ್ದರು. ಅದರಲ್ಲಿ ಅಡ್ಡ ಬಿದ್ದ ಮರದಂಥ ಒಂದು ಚಿತ್ರ. ಅಡೂರಿನ ಆರು ಮನೆಗಳು ಒಂದು ಕೊಂಬೆಯಲ್ಲಿದ್ದವು. ಬೇರೆ ಕುಟುಂಬದ ಭಾಷೆಗಳ ಹತ್ತಿರಕ್ಕೆ ಬಾಗಿದ, ಒಂಟಿಯಾದ ಕೊಂಬೆ. 'ಬಾಯಾರು' ಎಂದು ಬರೆದ ಎಲೆ ಅಲ್ಲಿರಲಿಲ್ಲ. ಅದು ಈಚೆ, ತುಳುವಿನ ಕೊಂಬೆಗಳ ನಡುವೆ ಕೂತಿತ್ತು. ಅದರ ಬುಡದಲ್ಲಿ ತೊಂಬತ್ತೇಳು ಎಂಬ ಅಂಕೆ. ನೂರು ಮರ ಬಿಡಿಸಿದರೆ ತೊಂಬತ್ತೇಳರಲ್ಲಿ ಈ ಮನೆಯ ಜಾಗ ಇದೇ ಎಂದು ಅದರ ಅರ್ಥ. ಈ ಮನೆಯವರು ಆ ಸಮುದಾಯದವರೇ ಅಲ್ಲ, ಕಂಪ್ಯೂಟರೇ ಹೇಳಿದೆ ಎಂದು ದೂರಿನಲ್ಲಿತ್ತು.

"ಪಪ್ಪಾ, ನೀವು ಅವರಿಗೆ ಎಂತ ಹೇಳಿದ್ದು? ನಮ್ಮ ಮಾತಲ್ಲಿ ಬೆಂಕಿಗೆ ತೂ ಅಂತಲಾ ಹೇಳುವುದು?"

ಬೋಜ ಚಿತ್ರವನ್ನು ಬಹಳ ಹೊತ್ತು ನೋಡಿದ. ಅವನಿಗೆ ಓದಲು ಬರುತ್ತಿರಲಿಲ್ಲ. ತನ್ನ ಮನೆ ಯಾವುದೆಂದು ಅವಳ ಬೆರಳು ಹಿಡಿದು ತೋರಿಸಿಕೊಂಡ.

"ಅಲ್ಲ," ಎಂದ. "ಓದಿದವರು ಮನೆಗೆ ಬಂದದ್ದು ಮಗಾ. ಮನೆಗೆ ಬಂದವರಿಗೆ ಹರಿದ ಚಾಪೆ ಹಾಸ್ತಾರಾ? ಒಳ್ಳೇ ಮಾತು ಕೊಡುವ ಅಂತ ತುಳು ಕೊಟ್ಟೆ."

ಅವಳು ಬೈದಳು. ಅತ್ತಳು. ವಿಜೇತನಿಗೆ ಫೋನ್ ಮಾಡಿ ಅವನಿಗೂ ಬೈದಳು. ಬೋಜ ಅಂದಿನಿಂದ ಮಾತು ಕಡಿಮೆ ಮಾಡಿದ. ಮೊದಲು ಹೊರಗಿನವರ ಹತ್ತಿರ, ಆಮೇಲೆ ಮನೆಯವರ ಹತ್ತಿರವೂ. ತುಳು ಆಡಿದರೆ ಅದು ಮಗಳಿಗೆ ವಿರುದ್ಧವಾದೀತು. ಮನೆಮಾತು ಆಡಿದರೆ ಈಗ ಕಲಿತು ನಾಟಕ ಮಾಡುತ್ತಾನೆಂದು ಯಾರಾದರೂ ಹೇಳಿಯಾರು. ಊಟ ಬೇಕಾ ಎಂದರೆ ತಲೆಯಾಡಿಸುತ್ತಿದ್ದ. ಕೋರೆಯ ಧೂಳು ಎದೆಯಲ್ಲಿ ಕಟ್ಟಿ ಉಸಿರು ತಿರುಗದೆ ಹೋದಾಗಲೂ ಕೈಯಿಂದ ಗೋಡೆ ಬಡಿದು ಕರೆಯುತ್ತಿದ್ದನೇ ಹೊರತು ಕೂಗಲಿಲ್ಲ.

ಆಸ್ಪತ್ರೆಯ ಕೊನೆಯ ದಿನ ಅವನು ಮಾತಾಡಿದ. ಮೂಗಿನ ನಳಿಗೆಯನ್ನು ಸರಿಸಿ, ಅವಳ ಕೈ ಹಿಡಿದು, ಮನೆಮಾತಿನಲ್ಲಿ ಏನನ್ನೋ ಕೇಳಿದ. ಅವಳು ನೀರು ಕೊಟ್ಟಳು, ಅದಲ್ಲ. ಹೊದಿಕೆ ಎಳೆದಳು, ಅದೂ ಅಲ್ಲ. ಅವನು ಮತ್ತೆ ಕೇಳಿದ. 'ತುಳುವಲ್ಲಿ ಹೇಳಿ ಪಪ್ಪಾ' ಎಂದಳು. ಅವನು ಅವಳನ್ನು ನೋಡಿದ. ಬಾಗಿಲಲ್ಲಿ ನಿಂತಿದ್ದ ನರ್ಸನ್ನು ನೋಡಿದ. ಹೆದರಿದವನಂತೆ ಕೈ ಬಿಟ್ಟು ಗೋಡೆಯ ಕಡೆ ತಿರುಗಿದ.

*

ಗುಂಡಿ ಸಿದ್ಧವಾಯಿತೆಂದು ಹೇಳಿಕಳಿಸಿದಾಗ ರಶ್ಮಿತಾಗೆ ಕೆಳಗೆ ರಸ್ತೆಯ ಬದಿಯಲ್ಲಿ ವಿಜೇತ್ ಕಂಡ. ಒಳಗೆ ಬಂದಿರಲಿಲ್ಲ. ಅವಳು ಹಿತ್ತಲ ದಾರಿಯಿಂದ ಇಳಿದು ಹೋದಳು.

"ನಾನು ಬಂದರೆ ನೀವೇ ಕರೆಸಿದ್ದು ಅಂತ ಆಗ್ತದೆ," ಎಂದ ಅವನು. ಕಣ್ಣು ಕೆಂಪಗಾಗಿತ್ತು. "ಅದು ಶಬ್ದಗಳ ಮರ, ಜನರ ಮರ ಅಲ್ಲ ಅಂತ ನಾನು ಬರೆದಿದ್ದೇನೆ ಅಕ್ಕ. ಅದೇ ಲೇಖನದಲ್ಲಿ. ಕೊನೆಗೆ."

"ಕೊನೆಯ ಪುಟ ಯಾರು ಓದ್ತಾರೆ? ಇನ್ನೊಂದು ಸಲ ಮಾಡ್ಲಿಕ್ಕೆ ಆಗ್ತದಾ? ಮಶೀನಿಗೆ ಸರಿಯಾದ ಶಬ್ದ ಕೊಟ್ಟರೆ ನಮ್ಮನ್ನು ಆಚೆ ಕೊಂಬೆಗೆ ಹಾಕ್ತದಾ?"

"ಯಾರ ಬಾಯಿಂದ ತಗೊಳ್ಳುವುದು?" ಎಂದ ವಿಜೇತ್. ಎಂದಮೇಲೆ ತಲೆ ತಗ್ಗಿಸಿದ. "ಈ ಮನೆಯಲ್ಲಿ ಆ ಮಾತು ಬೋಜಣ್ಣನಿಗೆ ಮಾತ್ರ ಬರ್ತಿದ್ದದ್ದು."

ಮೇಲಿಂದ ಅಶ್ವಿತ್ ಕರೆದ. ಅವಳು ಓಡಿದಳು.

ಬೋಜನನ್ನು ಅಳು ಇಲ್ಲದೆ ಎತ್ತಿದರು. ಅಷ್ಟು ಜನ ಹೆಂಗಸರಿದ್ದ ಮನೆಯಿಂದ ಸೊಲ್ಲೇ ಇಲ್ಲದೆ ಹೆಣ ಹೊರಟದ್ದನ್ನು ಬಾಯಾರಿನವರು ಅದುವರೆಗೆ ಕಂಡಿರಲಿಲ್ಲ. ಹೊತ್ತವರ ಹೆಜ್ಜೆಯ ಸದ್ದು ಕೆಂಪು ಮುರಕಲ್ಲಿನ ಮೇಲೆ ಕೇಳುತ್ತಿತ್ತು. ಮನೆಯ ಜಾಗದ ಮೂಲೆಯ ಗುಂಡಿಯಲ್ಲಿ ಇಳಿಸಿದರು. ರಶ್ಮಿತಾ ಮೂರು ಹಿಡಿ ಮಣ್ಣು ಹಾಕುವಾಗಲೂ ಸೆರಗು ಕಚ್ಚಿಯೇ ಇದ್ದಳು. ಅಧಿಕಾರಿ ಸ್ವಲ್ಪ ದೂರದಲ್ಲಿ ನಿಂತಿದ್ದರು. ಅವರಿಗೂ ಆ ಮೌನ ತಡೆಯಲಾಗದೆ ಹೋದಂತೆ ಕಂಡಿತು.

ಹೊರಡುವಾಗ ಅವರು ಅವಳನ್ನು ಬದಿಗೆ ಕರೆದರು.

"ಇವತ್ತಿನದನ್ನು ನಾನು ವರದಿಗೆ ಸೇರಿಸುವುದಿಲ್ಲ," ಎಂದರು. "ಸತ್ತ ಮನೆಯಲ್ಲಿ ಕೂತು ಬರೆದದ್ದೇ ತಪ್ಪಾಯಿತು. ಬೊಜ್ಜ, ಉತ್ತರಕ್ರಿಯೆ ಎಲ್ಲ ಮುಗೀಲಿ. ಆಮೇಲೆ ಬರ್ತೇನೆ."

"ಬಂದು ಯಾರನ್ನು ಕೇಳುವುದು ಸಾರ್? ಅಪ್ಪ ಇಲ್ವಲ್ಲ."

"ಈ ಮನೆಯವರನ್ನು ಕೇಳ್ಬೇಕಲ್ಲ ಅಮ್ಮ. ಈಗ ಇರುವುದು ನೀವೇ." ಅವರು ಕನ್ನಡಕ ತೆಗೆದು ಒರೆಸಿದರು. "ಹೆಚ್ಚಿಗೆ ಎಂತ ಇಲ್ಲ. ಸಂಬಂಧಗಳಿಗೆ ಎಂತ ಹೇಳ್ತೀರಿ, ಹುಟ್ಟಿದಾಗ ಎಂತ ಹಾಡ್ತೀರಿ, ಸತ್ತಾಗ ಹೇಗೆ ಅಳ್ತೀರಿ. ಅಷ್ಟೇ."

ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ಜೀಪು ತಿರುವಿನಲ್ಲಿ ಮರೆಯಾಗುವವರೆಗೂ ರಶ್ಮಿತಾ ಅದನ್ನೇ ನೋಡುತ್ತ ನಿಂತಳು.

*

ಜನ ಇಳಿದುಹೋದರು. ಬಿಸಿಲು ಗುಡ್ಡದ ನೆತ್ತಿಯ ಪದವಿನ ಅಂಚಿಗೆ ವಾಲಿತ್ತು. ಮಿಂದು ಬಂದ ರಶ್ಮಿತಾ ಮಾಮಿಯನ್ನು ಮನೆಯಲ್ಲೆಲ್ಲ ಹುಡುಕಿದಳು. ಜಾಗದ ಮೂಲೆಯಿಂದ ಸ್ವರ ಕೇಳಿತು. ತುಂಗಾ ಹಸಿಮಣ್ಣಿನ ದಿಬ್ಬದ ಪಕ್ಕ ಕೂತು, ಮುಂದಕ್ಕೂ ಹಿಂದಕ್ಕೂ ತೂಗುತ್ತ, ಹೇಳಿ ಅಳುತ್ತಿದ್ದಳು. ಬೆಳಗ್ಗಿನಿಂದ ಸಿಕ್ಕಿಕೊಂಡಿದ್ದದ್ದೆಲ್ಲ ಒಂದೇ ಬೀಸಿಗೆ ಬರುತ್ತಿತ್ತು. ಉದ್ದುದ್ದದ ಮಾತುಗಳು, ಪ್ರತಿ ಮಾತಿನ ಕೊನೆಗೆ ಒಂದು ಎಳೆತ.

ರಶ್ಮಿತಾ ಅವಳ ಪಕ್ಕದಲ್ಲಿ ಕೂತಳು. ಸ್ವಲ್ಪ ಹೊತ್ತು ಕೇಳಿದಳು. ಆಮೇಲೆ ಮಾಮಿಯ ಭುಜ ಮುಟ್ಟಿದಳು.

"ಮಾಮೀ, ನಿಧಾನ. ಮೊದಲಿಂದ ಒಮ್ಮೆ ಹೇಳಿ."

ತುಂಗಾ ಅಳು ನಿಲ್ಲಿಸಿ ತಿರುಗಿದಳು. ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ದಿಬ್ಬದ ಮಣ್ಣನ್ನು ಅಂಗೈಯಿಂದ ಸವರಿದಳು.

"ಅವರು ಪುನಃ ಬರ್ತಾರಾ?"

"ಬರ್ತಾರೆ. ನನ್ನನ್ನೇ ಕೇಳ್ತಾರೆ."

ತುಂಗಾ ಮೂಗು ಒರೆಸಿಕೊಂಡಳು. ಮೊದಲ ಮಾತು ಹೇಳಿದಳು. ರಶ್ಮಿತಾ ಅದನ್ನು ತಿರುಗಿ ಹೇಳಿದಳು. ತುಂಗಾ ತಲೆಯಾಡಿಸಿ, ನಡುವಿನ ಶಬ್ದವೊಂದನ್ನು ಬಿಡಿಸಿ ಮತ್ತೆ ಹೇಳಿಕೊಟ್ಟಳು. ರಶ್ಮಿತಾ ಅದನ್ನೂ ಹೇಳಿದಳು, ಎಳೆತ ತಪ್ಪಿತು, ಮತ್ತೊಮ್ಮೆ ಹೇಳಿದಳು. ತುಂಗಾಳ ಕೆನ್ನೆಯ ಮೇಲೆ ನೀರು ಇಳಿಯುತ್ತಲೇ ಇತ್ತು. ರಶ್ಮಿತಾ ಒಣಗಿದ ಕಣ್ಣುಗಳಿಂದ ಅವಳ ತುಟಿಗಳನ್ನೇ ನೋಡುತ್ತ, ಒಂದು ಶಬ್ದವೂ ತಪ್ಪಬಾರದೆಂದು ಬೆರಳು ಮಡಿಸುತ್ತ ಹೇಳುತ್ತಿದ್ದಳು. ಕೆಳಗೆ ರಸ್ತೆಯ ತಿರುವಿನಲ್ಲಿ ಅಶ್ವಿತ್ ಯಾವುದಾದರೂ ವಾಹನದ ಸದ್ದು ಬರುತ್ತದೆಯೋ ಎಂದು ಕಿವಿಗೊಟ್ಟು ನಿಂತಿದ್ದ.